ಬೀಗದಕ್ಕನ ಗುಂಡಿ ಗುರುತು

ಆ ಬೀದಿಯಲ್ಲಿ ಅವಳನ್ನು ಬೀಗದಕ್ಕ ಅಂತಲೇ ಕರೆಯುತ್ತಿದ್ದರು. ಎದುರಿಗಲ್ಲ ಬಿಡಿ, ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ಯಾರಿಗಿತ್ತು? ಬೆನ್ನ ಹಿಂದೆ. ಕನ್ನಡಕದ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಕೂತು ಕಂಪ್ಯೂಟರ್ ಆಟ ತಯಾರಿಸುವುದು ಅವಳ ಕಸುಬು. ಆ ಕೋಣೆಯ ಬಾಗಿಲಿಗೆ ಎರಡು ಬೀಗ, ಒಳಗಿನ ಕಪಾಟಿಗೆ ಒಂದು, ಕಪಾಟಿನೊಳಗಿನ ಸಕ್ಕರೆ ಡಬ್ಬಕ್ಕೂ ಒಂದು. ಸಕ್ಕರೆ ಡಬ್ಬಕ್ಕೆ ಬೀಗ ಹಾಕುವವರನ್ನು ನೀವು ಕಂಡಿದ್ದೀರಾ? ಕೇಳಿದರೆ "ಇರುವೆ ಕಾಟ" ಅನ್ನುತ್ತಿದ್ದಳು. ಇರುವೆ ಏನು ಬೀಗದಕೈ ಹಿಡಿದುಕೊಂಡು ಬರುತ್ತದೆಯೇ ತಾಯಿ ಅಂತ ಕೇಳಲು ಹೋದವರಿಗೆ ಆವತ್ತು ಚಹಾ ಸಿಗುತ್ತಿರಲಿಲ್ಲ.

ಹುಟ್ಟಿನಿಂದ ಹೀಗಿದ್ದವಳಲ್ಲ. ಮೊದಲು ಅಂಗಡಿಗಳವರಿಗೆ ಬಿಲ್ಲು ಹಾಕುವ ಪ್ರೋಗ್ರಾಂ ಬರೆದುಕೊಡುತ್ತಿದ್ದಳು. ಅದು ಸಾಕಾಗಿ, ಇದ್ದ ಕೆಲಸ ಬಿಟ್ಟು, ಕಾಗದದ ದೋಣಿಯನ್ನು ಚರಂಡಿಯಿಂದ ಸಮುದ್ರದವರೆಗೆ ತೇಲಿಸಿಕೊಂಡು ಹೋಗುವ ಒಂದು ಆಟ ಮಾಡಿದಳು. ಒಬ್ಬಳೇ ಮಾಡಿದಳು. ಮಾರಾಟಕ್ಕಿಟ್ಟ ಮಾರನೇ ದಿನವೇ ಯಾರೋ ಪುಣ್ಯಾತ್ಮ ಅದರ ಬೀಗ ಒಡೆದು, ಪುಕ್ಕಟೆ ಆಟ ಹಂಚುವ ಜಾಲತಾಣಕ್ಕೆ ಏರಿಸಿಬಿಟ್ಟ. ಸ್ವಲ್ಪ ದಿನ ಕಳೆದು ನೋಡಿದರೆ, ದೋಣಿಗೆ ಕೆಂಪು ಬಣ್ಣ ಬಳಿದು, ಬೇರೆ ಹೆಸರಿಟ್ಟು, ಇನ್ಯಾರೋ ಅದನ್ನೇ ಮಾರುತ್ತಿದ್ದಾರೆ! ಅವಳು ದೂರು ಬರೆದು ಒಂದು ಕಡೆ ತೆಗೆಸಿದರೆ ಇನ್ನು ಹತ್ತು ಕಡೆ ಅಣಬೆಯ ಹಾಗೆ ಏಳುತ್ತಿತ್ತು. ಕೆಳಗಿನ ಕನ್ನಡಕದ ಅಂಗಡಿಯವರು ಪಾಪ, ಒಳ್ಳೆ ಮನುಷ್ಯ, ಮೆಚ್ಚಿ ಮಾತಾಡೋಣ ಅಂತ ಬಾಯಿಬಿಟ್ಟರು: "ನಿಮ್ಮ ದೋಣಿ ಆಟ ಬಲು ಚೆನ್ನಾಗಿದೆ ಕಣಮ್ಮ, ನಮ್ಮ ಮನೆ ಮಂದಿಯೆಲ್ಲ ಆಡ್ತೀವಿ. ಪುಕ್ಕಟೆ ಸಿಗುತ್ತಲ್ಲ!"

ಅವಳು ಮೆಟ್ಟಿಲು ಹತ್ತಿ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಕದ್ದವನು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ಹೊರಗಿನ ಕಳ್ಳ ಕೈಗೆ ಸಿಗದೆ ಹೋದರೆ ಮನುಷ್ಯರು ಮಾಡುವುದೇನು? ಒಳಗಿನವರ ಮುಖ ನೋಡಲು ಶುರು ಮಾಡುತ್ತಾರೆ. ಇವಳೂ ಶುರು ಮಾಡಿದಳು. ಬೀಗಗಳು ಒಂದೊಂದಾಗಿ ಬಂದದ್ದು ಆಮೇಲೆ.

ಎರಡನೇ ಆಟಕ್ಕೆ ಕೈ ಹಾಕಿದಾಗ ಒಬ್ಬಳಿಂದ ಆಗದು ಅನಿಸಿತು. ಅದು ಹೊಲಿಗೆ ಅಂಗಡಿಯ ಆಟ. ಆಡುವವರು ದರ್ಜಿಯಾಗಬೇಕು. ಗಿರಾಕಿಗಳು ಹರಿದ ಬಟ್ಟೆ ತರುತ್ತಾರೆ. ಹರಿದದ್ದು ಎಲ್ಲಿ, ಹೇಗೆ ಅಂತ ನೋಡಿಯೇ ಅವರ ಬದುಕಿನಲ್ಲಿ ಏನಾಗಿದೆ ಅಂತ ತಿಳಿದುಕೊಂಡು ಹೊಲಿದು ಕೊಡಬೇಕು. ಆಟವೆಲ್ಲ ನಿಂತಿರುವುದು ಬಟ್ಟೆಯ ಚಿತ್ರದ ಮೇಲೆ. ಬೀಗದಕ್ಕನಿಗೆ ಒಂದು ನೆಟ್ಟಗಿನ ಗೆರೆ ಎಳೆಯಲೂ ಬಾರದು. ಆಗ ಬಂದವಳು ಪುಟ್ಟಿ, ತಮ್ಮನ ಹೆಂಡತಿ. ಹೆಸರಿಗೆ ಪುಟ್ಟಿ, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು, ಅಷ್ಟು ಎತ್ತರ. ಮನೆಯೂ ಒಂದೇ, ಅಡುಗೆಮನೆಯೂ ಒಂದೇ. ಇನ್ನು ಕೆಲಸವೂ ಒಂದೇ ಕೋಣೆಯಲ್ಲಿ ಆಯಿತು.

ಪುಟ್ಟಿಯ ಕೈ ಅಂದರೆ ಕೈ! ಹಳೇ ಬಟ್ಟೆ ಎಲ್ಲಿ ಸಿಕ್ಕರೂ ಎತ್ತಿಕೊಂಡು ಬರುವಳು. ಕೆಳಗಿನ ಅಂಗಡಿಯಿಂದ ಭೂತಗನ್ನಡಿ ಇಸಕೊಂಡು, ಸವೆದ ಕಾಲರಿನ ಎಳೆ ಹೇಗೆ ನಿಮಿರಿ ನಿಲ್ಲುತ್ತದೆ ಅಂತ ನೋಡುವಳು. ಅವಳು ಬರೆದ ಒಂದು ಕೋಟಿನ ಮೊಣಕೈ ಹರಕು ನೋಡಿದರೆ, ಅದನ್ನು ತೊಟ್ಟವನು ದಿನವೆಲ್ಲ ಮೇಜಿಗೆ ಕೈಯೂರಿ ಯಾರಿಗೋ ಕಾಯುತ್ತಿದ್ದ ಅಂತ ಗೊತ್ತಾಗುತ್ತಿತ್ತು. "ಅಕ್ಕಾ, ನೋಡು ಬಾ, ಇವನು ಎಡಗೈಯವನು, ಅದಕ್ಕೇ ಈ ಕಡೆ ಜಾಸ್ತಿ ಸವೆದಿದೆ" ಅನ್ನುವಳು. ಬೀಗದಕ್ಕ ಬಗ್ಗಿ ನೋಡಿ, "ಹೂಂ, ಪರವಾಗಿಲ್ಲ" ಅನ್ನುವಳು. ಅವಳ ಬಾಯಲ್ಲಿ ಪರವಾಗಿಲ್ಲ ಅಂದರೆ ಬೇರೆಯವರ ಬಾಯಲ್ಲಿ ಭೇಷ್ ಅಂದ ಹಾಗೆ. ಪುಟ್ಟಿಗೆ ಅದು ಗೊತ್ತಿತ್ತು, ಅವಳು ನಗುತ್ತಿದ್ದಳು. ಆ ಕೋಣೆಯಲ್ಲಿ ಇಬ್ಬರೂ ಖುಷಿಯಾಗಿದ್ದರು, ಅದನ್ನು ಹೇಳಲೇಬೇಕು. ಸಕ್ಕರೆ ಡಬ್ಬದ ಬೀಗದಕೈ ಸಿಕ್ಕಿದ್ದೂ ಅವಳೊಬ್ಬಳಿಗೇ.

ಆದರೂ ಚಾಳಿ ಬಿಡಬೇಕಲ್ಲ. ಆಟ ಮುಗಿಯುತ್ತ ಬಂದಾಗ ನಾಲ್ಕು ಜನರಿಗೆ ಅದನ್ನು ಆಡಿ ನೋಡಲು ಕೊಡಬೇಕಾಯಿತು: ಕನ್ನಡಕದ ಅಂಗಡಿಯವರು, ರೇಸಣ್ಣ, ಪುಟ್ಟಿ, ತಮ್ಮ. ರೇಸಣ್ಣ ಅಂದರೆ ಅವಳದೇ ಕಸುಬಿನವನು. ಹತ್ತಾರು ವರ್ಷಗಳಿಂದ ಕಾರು ಓಡಿಸುವ ಆಟಗಳನ್ನು ಮಾಡಿ ಬದುಕುತ್ತಿರುವವನು, ತಾನು ಮಾತ್ರ ಸೈಕಲ್ಲು ಬಿಟ್ಟು ಬೇರೇನೂ ಓಡಿಸಲಾರ. ಈ ನಾಲ್ವರಲ್ಲಿ ಯಾರಾದರೂ ಕೈಕೊಟ್ಟರೆ? ಬೀಗದಕ್ಕ ಕೂತು ಒಂದು ಉಪಾಯ ಮಾಡಿದಳು. ಆಟದ ಶುರುವಿನಲ್ಲಿ ಹೊಲಿಗೆ ಅಂಗಡಿಯ ಬೋರ್ಡು ಬರುತ್ತದೆ, ಬೋರ್ಡಿನ ಕೆಳಗೆ ಸಾಲಾಗಿ ಅಂಗಿಯ ಗುಂಡಿಗಳು, ಒಂದೊಂದಕ್ಕೂ ನಾಲ್ಕು ತೂತು. ಆಟದ ಪ್ರತಿಯನ್ನು ಮೊದಲ ಸಲ ಯಾವ ಕಂಪ್ಯೂಟರಿನಲ್ಲಿ ತೆರೆಯುತ್ತಾರೋ, ಆ ಕಂಪ್ಯೂಟರಿಗೆ ತಕ್ಕ ಹಾಗೆ ಒಂದು ಗುಂಡಿಯ ಎರಡು ತೂತು ಮಾಯವಾಗುವ ಹಾಗೆ ಬರೆದಿಟ್ಟಳು. ಒಮ್ಮೆ ಮಾಯವಾದರೆ ಮುಗಿಯಿತು, ಆ ಪ್ರತಿ ಎಲ್ಲಿಗೆ ಹೋದರೂ ಗುರುತು ಜೊತೆಗೇ ಹೋಗುತ್ತದೆ. ಮೊದಲ ಗುಂಡಿ ಕನ್ನಡಕದವರದು, ಎರಡನೆಯದು ರೇಸಣ್ಣನದು, ಮೂರನೆಯದು ಪುಟ್ಟಿಯದು, ನಾಲ್ಕನೆಯದು ತಮ್ಮನದು. ತನ್ನ ಕಂಪ್ಯೂಟರಿಗೆ ಗುರುತಿಲ್ಲ. ತನಗೇಕೆ? ಯಾರಿಗೂ ಹೇಳಲಿಲ್ಲ. ಗುಂಡಿಗಳನ್ನು ಒಂದೊಂದಾಗಿ ಬರೆದುಕೊಟ್ಟ ಪುಟ್ಟಿಗೂ ಹೇಳಲಿಲ್ಲ.

ಆಟ ಮಾರಾಟಕ್ಕೆ ಬರಲು ಇನ್ನೂ ಎರಡು ವಾರವಿದೆ ಅನ್ನುವಾಗ ರೇಸಣ್ಣ ಫೋನು ಮಾಡಿದ.

"ಅಕ್ಕ, ಕೂತಿದ್ದೀಯಾ ನಿಂತಿದ್ದೀಯಾ? ನಿಂತಿದ್ದರೆ ಕೂತ್ಕೋ. ನಿನ್ನ ಹೊಲಿಗೆ ಅಂಗಡಿ ಹೊರಗೆ ಬಂದುಬಿಟ್ಟಿದೆ. ಕದ್ದ ಆಟ ಸಿಗೋ ಕಡೆಯೆಲ್ಲ ಇದೆ."

ಅವಳು ಫೋನಿಟ್ಟು ಕಂಪ್ಯೂಟರಿನ ಕಡೆ ತಿರುಗಿದಳು. ಕಳ್ಳಪ್ರತಿ ಇಳಿಸಿಕೊಳ್ಳಲು ಹಚ್ಚಿದಳು. ಅದು ನಿಧಾನಕ್ಕೆ ಇಳಿಯುತ್ತಿರುವಾಗ ಸುಮ್ಮನೆ ಕೂರುವ ಜೀವವೇ ಅದು? ಧಡಧಡ ಮೆಟ್ಟಿಲಿಳಿದು ಕನ್ನಡಕದ ಅಂಗಡಿಗೆ ನುಗ್ಗಿದಳು. ಅವರು ಯಾರಿಗೋ ಕಣ್ಣಿನ ಪರೀಕ್ಷೆ ಮಾಡುತ್ತಿದ್ದರು.

"ನಿಮ್ಮ ಕಂಪ್ಯೂಟರ್ ಯಾರ್ಯಾರು ಮುಟ್ತಾರೆ?"

"ಯಾಕಮ್ಮ? ನಾನೇ ಮುಟ್ಟಲ್ಲ, ಅದು ಕೆಟ್ಟು ಕೂತಿದೆ. ನಿಮ್ಮ ಆಟ ಇನ್ನೂ ತೆರೆದೂ ನೋಡಿಲ್ಲ, ಬೇಜಾರು ಮಾಡ್ಕೋಬೇಡಿ" ಅಂತ ಅವರು ಹೆದರಿ ಹೇಳಿದರು. ಕುರ್ಚಿಯಲ್ಲಿ ಕೂತವನು ಒಂದು ಕಣ್ಣು ಮುಚ್ಚಿಕೊಂಡೇ ಇವಳನ್ನು ನೋಡಿದ. ಹಾಗಾದರೆ ರೇಸಣ್ಣನೇ, ಅಂತ ಅವಳು ಮೆಟ್ಟಿಲು ಹತ್ತುತ್ತ ತೀರ್ಮಾನಿಸಿದಳು. ಸುದ್ದಿ ಮೊದಲು ಅವನಿಗೇ ಹೇಗೆ ಗೊತ್ತಾಯಿತು? ಒಂದೇ ಕಸುಬಿನವನು ಬೇರೆ, ಹೊಟ್ಟೆಕಿಚ್ಚು ಇರುವುದೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ಸುಮ್ಮನೆ ಹೇಳುತ್ತಾರೆಯೇ?

ಅಷ್ಟರಲ್ಲಿ ಕಳ್ಳಪ್ರತಿ ಇಳಿದಿತ್ತು. ತೆರೆದಳು. ಬೋರ್ಡು ಬಂತು. ಮೊದಲ ಗುಂಡಿಗೆ ನಾಲ್ಕು ತೂತು. ಎರಡನೆಯದಕ್ಕೆ ನಾಲ್ಕು. ಮೂರನೆಯದಕ್ಕೆ ಎರಡು.

ಅವಳು ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದಳು. ಎರಡೇ. ಪಕ್ಕದ ಮೇಜಿನಲ್ಲಿ ಪುಟ್ಟಿ ಒಂದು ಗೌನಿನ ಅಂಚಿಗೆ ಬಣ್ಣ ತುಂಬುತ್ತ ಕೂತಿದ್ದಳು.

ಆವತ್ತೇ ಕೇಳಿದ್ದರೆ ಕಥೆ ಬೇರೆಯಾಗುತ್ತಿತ್ತು. ಕೇಳಲಿಲ್ಲ. ಕಾವಲು ಕೂತಳು. ಆಟ ಸೋರಿದೆ ಅಂತ ಮಾತ್ರ ಹೇಳಿ, ಗುಂಡಿಯ ವಿಷಯ ಬಾಯಿಬಿಡದೆ, ಪುಟ್ಟಿ ಏನು ಮಾಡುತ್ತಾಳೆ ನೋಡೋಣ ಅಂತ ಕೂತಳು. ನೋಡಬೇಕು ಅಂತ ಕೂತವರಿಗೆ ಏನು ತಾನೇ ಕಾಣುವುದಿಲ್ಲ! ಸುದ್ದಿ ಕೇಳಿ ಪುಟ್ಟಿ "ಅಯ್ಯೋ" ಅಂದಳು, ಅಷ್ಟೇ. ಇನ್ನೂ ಜೋರಾಗಿ ಅನ್ನಬೇಡವೇ? ಫೋನು ಬಂದರೆ ಹೊರಗಿನ ಮೆಟ್ಟಿಲ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ಫೋನನ್ನು ಮೇಜಿನ ಮೇಲೆ ಬೋರಲು ಇಡುತ್ತಿದ್ದಳು. ಬೀಗದಕ್ಕ ಹತ್ತಿರ ಬಂದರೆ ಪರದೆಯ ಮೇಲಿದ್ದದ್ದನ್ನು ಸರಕ್ಕನೆ ಮುಚ್ಚುತ್ತಿದ್ದಳು. ಒಂದು ದಿನ ಊಟದ ಹೊತ್ತಿಗೆ ಎಲ್ಲೋ ಹೋಗಿ ಬಂದಳು. "ಎಲ್ಲಿಗೆ ಹೋಗಿದ್ದೆ?" ಅಂದರೆ "ಇಲ್ಲೇ" ಅಂದಳು. ಇಲ್ಲೇ ಅನ್ನುವ ಊರು ಎಲ್ಲಿದೆ ಅಂತ ಬೀಗದಕ್ಕ ಮನಸ್ಸಿನಲ್ಲೇ ಕೇಳಿಕೊಂಡಳು.

ಅನುಮಾನಕ್ಕೆ ಹೊಟ್ಟೆ ತುಂಬುವುದು ಅಂತಿಲ್ಲ. ಅನ್ನ ಬಡಿಸುವ ಅವಳ ಕೈಯನ್ನೂ ಬೀಗದಕ್ಕ ದಿಟ್ಟಿಸಿ ನೋಡಲು ಶುರು ಮಾಡಿದಳು. ಒಳಗೆ ನೋವೂ ಇತ್ತು. ಬೇರೆ ಯಾರಾಗಿದ್ದರೂ ತಡೆದುಕೊಳ್ಳುತ್ತಿದ್ದಳು. ಇವಳಾಗಬಾರದಿತ್ತು. ಇವಳಿಲ್ಲದೆ ಇನ್ನೊಂದು ಆಟ ಇಲ್ಲ, ಆ ಕೋಣೆಯಲ್ಲಿ ಇನ್ನೊಂದು ನಗುವೂ ಇಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸಿಟ್ಟು ಹೆಚ್ಚಾಯಿತು.

ಕೊನೆಗೆ ಒಂದು ಬೆಳಗ್ಗೆ, ಪುಟ್ಟಿ ಬಂದು ಚೀಲ ಇಡುವಷ್ಟರಲ್ಲಿ, ಬೀಗದಕ್ಕ ಪರದೆಯನ್ನು ಅವಳ ಕಡೆ ತಿರುಗಿಸಿ ಕೇಳಿಯೇಬಿಟ್ಟಳು. "ಎಷ್ಟಕ್ಕೆ ಮಾರಿದೆ?"

"ಏನನ್ನ?"

"ಆಟಾನ. ಕಳ್ಳಪ್ರತಿ ಇದು. ಮೂರನೇ ಗುಂಡಿ ನೋಡು. ಎರಡು ತೂತಿದ್ದರೆ ಅದು ನಿನ್ನ ಕಂಪ್ಯೂಟರಿಂದ ಹೋದದ್ದು ಅಂತ. ಗುರುತು ಹಾಕಿಟ್ಟಿದ್ದೆ."

ಪುಟ್ಟಿ ಬಗ್ಗಿ ಗುಂಡಿಯನ್ನು ನೋಡಿದಳು. ತಾನೇ ಬರೆದ ಗುಂಡಿ. ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮುಖದಲ್ಲಿ ಏನೋ ಹೊಳೆದ ಹಾಗಾಯಿತು, ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಸಿಕ್ಕಿಬಿದ್ದಳು ಅಂತ ಬೀಗದಕ್ಕ ಅಂದುಕೊಂಡಳು.

"ನನ್ನ ಮೇಲೂ ಗುರುತು ಹಾಕಿದ್ದೆಯಾ ಅಕ್ಕ?"

"ಎಲ್ಲರ ಮೇಲೂ."

"ನಿನ್ನ ಮೇಲೆ?"

"ನನ್ನ ಮೇಲೆ ಯಾಕೆ? ಆಟ ನನ್ನದು!"

"ಹೌದು. ಆಟ ನಿನ್ನದು" ಅಂದಳು ಪುಟ್ಟಿ. ಚಿತ್ರ ಬರೆಯುವ ಪೆನ್ನನ್ನು ಅದರ ಡಬ್ಬಿಯಲ್ಲಿಟ್ಟಳು. ಕೋಣೆಯ ಬೀಗದಕೈ, ಸಕ್ಕರೆ ಡಬ್ಬದ ಬೀಗದಕೈ, ಎರಡನ್ನೂ ಗೊಂಚಲಿನಿಂದ ಬಿಡಿಸಿ ಮೇಜಿನ ಮೇಲಿಟ್ಟಳು. ತಂದಿದ್ದ ಚೀಲವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಟುಹೋದಳು.

ಮನೆಯಲ್ಲಿ ತಮ್ಮ ಕೂಗಾಡಲಿಲ್ಲ. ಅವನು ಫ್ರಿಜ್ ರಿಪೇರಿ ಮಾಡುವವನು, ಯಾವುದನ್ನೂ ಬಿಚ್ಚಿ ನೋಡದೆ ಮಾತಾಡುವವನಲ್ಲ. "ಅವಳು ಮಾರಿದಳು ಅಂತ ನಿನಗೆ ಯಾರು ಹೇಳಿದ್ದು?" ಅಂತ ಕೇಳಿದ.

"ಗುಂಡಿ."

"ಗುಂಡಿ! ಒಂದೇ ತಟ್ಟೇಲಿ ಉಂಡವಳ ಮಾತು ಕೇಳಲಿಲ್ಲ, ಗುಂಡಿ ಮಾತು ಕೇಳಿದೆ ನೋಡು." ಅಷ್ಟು ಹೇಳಿ ಕೈತೊಳೆಯಲು ಎದ್ದ. ಪುಟ್ಟಿ ಎಂದಿನಂತೆ ಬಡಿಸಿದಳು. ಆದರೆ ಆವತ್ತಿನಿಂದ "ಅಕ್ಕಾ, ತಗೋ" ಅನ್ನುವುದು ಹೋಗಿ "ತಗೊಳ್ಳಿ" ಬಂತು. ಊರವರು ಕೇಳಿದ್ದರೆ, ಎಷ್ಟು ಮರ್ಯಾದಸ್ಥ ಹುಡುಗಿ ಅನ್ನುತ್ತಿದ್ದರು. ಬೀಗದಕ್ಕ ಅರ್ಧಕ್ಕೇ ತಟ್ಟೆ ಬಿಟ್ಟು ಎದ್ದಳು.

ರೇಸಣ್ಣ ಕೋಣೆಗೆ ಬಂದ. ಸೈಕಲ್ಲಿಗೆ ಬೀಗ ಹಾಕದೆ ಬಂದದ್ದು ನೋಡಿಯೇ ಅವಳಿಗೆ ಅರ್ಧ ಸಿಟ್ಟು.

"ಕಳ್ಳನ್ನ ಹಿಡಿದೆ" ಅಂದಳು.

"ಹಿಡಿದು? ಕದ್ದು ಆಡೋರು ನಿಂತರಾ? ನೋಡಕ್ಕ, ನನ್ನ ಆಟ ಎಲ್ಲಾನೂ ಕದ್ದಿದ್ದಾರೆ, ಒಂದೂ ಬಿಟ್ಟಿಲ್ಲ. ಶುರುವಿನಲ್ಲಿ ನಾನೂ ನಿನ್ನ ಥರಾನೇ ಕುಣಿದೆ. ಕಳ್ಳರ ಮೇಲಿನ ಸಿಟ್ಟಿಗೆ ಎಂಥಾ ಬೀಗ ಹಾಕಿದೆ ಅಂದರೆ, ದುಡ್ಡು ಕೊಟ್ಟು ಕೊಂಡೋರಿಗೆ ಆಟ ತೆರೀಲಿಲ್ಲ. ಕದ್ದೋರಿಗೆ ಸಲೀಸಾಗಿ ತೆರೀತಿತ್ತು! ಕೊಂಡೋರು ನನ್ನನ್ನ ವಾಚಾಮಗೋಚರ ಬೈದರು. ಕಳ್ಳರ ಹಿಂದೆ ಓಡ್ತಾ ಇದ್ದರೆ ಗಿರಾಕಿ ಅಂಗಡೀಲಿ ಕಾಯ್ತಾ ಕೂತಿರ್ತಾನೆ, ಆಮೇಲೆ ಎದ್ದು ಹೋಗ್ತಾನೆ."

"ಮತ್ತೆ ಏನು, ಕೈ ಕಟ್ಟಿ ಕೂರಲಾ?"

"ಈಗ ಕದ್ದ ಮಾಲು ಬೀದೀಲಿದೆ, ನಿನ್ನ ಅಂಗಡಿ ಬಾಗಿಲೇ ತೆಗೆದಿಲ್ಲ. ಬೇಕು ಅಂದೋನು ಎಲ್ಲಿ ತಗೋಬೇಕು ಹೇಳು? ಮೊದಲು ಬಾಗಿಲು ತೆಗಿ. ನಾಳೇನೇ ಬಿಡುಗಡೆ ಮಾಡು. ಮೊದಲ ಮೂರು ಗಿರಾಕಿಗಳ ಕಥೆ ಎಲ್ಲರಿಗೂ ಪುಕ್ಕಟೆ ಆಡೋಕೆ ಕೊಡು, ಇಷ್ಟ ಆದೋರು ಮುಂದಿನದು ಕೊಳ್ತಾರೆ. ಕೊಂಡೋರಿಗೆ ತಿಂಗಳಿಗೊಂದು ಹೊಸ ಬಟ್ಟೆ ಸೇರಿಸ್ತಾ ಹೋಗು, ಕದ್ದ ಪ್ರತೀಲಿ ಅದು ಬರಲ್ಲ. ಆಮೇಲೆ ಕದ್ದು ಆಡೋರಿಗೂ ಮನುಷ್ಯರ ಹಾಗೆ ಎರಡು ಮಾತು ಬರಿ. ಕೆಲವರು ಕೊಳ್ತಾರೆ. ಎಲ್ಲರೂ ಅಲ್ಲ. ಕೆಲವರು."

"ಹೊಸ ಬಟ್ಟೆ ಬರೆಯೋರು ಯಾರು?" ಅಂತ ಕೇಳಿದ ಮೇಲೆ ಅವಳಿಗೇ ಅಳು ಬಂದ ಹಾಗಾಯಿತು. ರೇಸಣ್ಣ ಖಾಲಿ ಕುರ್ಚಿಯ ಕಡೆ ನೋಡಿ ಹೊರಟ.

ಬುದ್ಧಿ ಹೇಳಿದವನ ಮಾತು ಅವಳು ಕೇಳಿದಳು, ಅದೊಂದು ದೊಡ್ಡ ಸಂಗತಿ. ಮಾರನೇ ಮಧ್ಯಾಹ್ನ ತನ್ನ ಕಂಪ್ಯೂಟರಿನಿಂದ ಆಟವನ್ನು ಆಟ ಮಾರುವ ಜಾಲತಾಣಕ್ಕೆ ಏರಿಸಲು ಹಚ್ಚಿದಳು. ಆ ಮೆಷಿನ್ನು ಏದುಸಿರು ಬಿಡುತ್ತ ಅದರಲ್ಲೇ ಮುಳುಗಿತ್ತು, ಬೇರೇನನ್ನೂ ಮುಟ್ಟುವ ಹಾಗಿರಲಿಲ್ಲ. ಅಷ್ಟರಲ್ಲಿ ಕೊನೆಯ ಪ್ರತಿ ಸರಿಯಾಗಿ ತೆರೆಯುತ್ತದೋ ಇಲ್ಲವೋ ನೋಡಿಬಿಡೋಣ ಅಂತ ಪುಟ್ಟಿಯ ಕುರ್ಚಿಗೆ ಹೋಗಿ ಕೂತು, ಅವಳ ಕಂಪ್ಯೂಟರಿನಲ್ಲಿ ತೆರೆದಳು.

ಬೋರ್ಡು ಬಂತು. ಮೂರನೇ ಗುಂಡಿಗೆ ಎರಡು ತೂತು.

ನೋಡು, ಮತ್ತೆ ಅವಳದೇ ಗುರುತು, ಅಂತ ಹಲ್ಲು ಕಚ್ಚಿದಳು. ಕಚ್ಚಿದ ಹಲ್ಲು ಹಾಗೇ ನಿಂತಿತು. ಪುಟ್ಟಿ ಎಲ್ಲಿದ್ದಾಳೆ ಇಲ್ಲಿ? ಪುಟ್ಟಿ ಇಲ್ಲ. ಕುರ್ಚಿಯಲ್ಲಿ ಕೂತಿರುವವಳು ತಾನು. ಪ್ರತಿಯನ್ನು ತೆರೆದವಳು ತಾನು. ಗುಂಡಿಗೆ ಕಂಪ್ಯೂಟರು ಗೊತ್ತೇ ಹೊರತು, ಅದರ ಮುಂದೆ ಕೂತವರು ಯಾರು ಅಂತ ಅದಕ್ಕೇನು ಗೊತ್ತು? ಇಷ್ಟು ಸಣ್ಣ ವಿಷಯ ಹೊಳೆಯದೆ ಹೋಯಿತಲ್ಲ! ಹಾಗಾದರೆ ಈ ಕುರ್ಚಿಯಲ್ಲಿ ತಾನು ಇದಕ್ಕೆ ಮೊದಲು ಕೂತದ್ದು ಯಾವಾಗ?

ನೆನಪಾಯಿತು. ಆಗಲೇಬಾರದಿತ್ತು ಅನ್ನುವಷ್ಟು ಚೆನ್ನಾಗಿ ನೆನಪಾಯಿತು. ಸುಮಾರು ತಿಂಗಳ ಹಿಂದೆ ತನ್ನ ಕಂಪ್ಯೂಟರಿನ ಫ್ಯಾನು ಕೆಟ್ಟು ರಿಪೇರಿಗೆ ಹೋಗಿತ್ತು. ಆಗ ಒಬ್ಬ ಮಹಾಶಯ ಮೇಲ್ ಬರೆದಿದ್ದ. ತಾನು ಆಟಗಳ ವಿಮರ್ಶಕ, ಲಕ್ಷಗಟ್ಟಲೆ ಜನ ತನ್ನ ಚಾನೆಲ್ ನೋಡುತ್ತಾರೆ, ಹೊಲಿಗೆ ಅಂಗಡಿಯ ಒಂದೆರಡು ಚಿತ್ರ ನೋಡಿ ಮಾತೇ ಹೊರಡಲಿಲ್ಲ, ಇಂಥ ಚಿತ್ರ ಬರೆಯುವ ಕೈ ನಿಮ್ಮದು ಅಂದಮೇಲೆ ನೀವು ಸಾಮಾನ್ಯರಲ್ಲ, ಬಿಡುಗಡೆಗೆ ಮೊದಲೇ ಒಂದು ಪ್ರತಿ ಕಳಿಸಿದರೆ ಲೋಕಕ್ಕೆಲ್ಲ ಸಾರುತ್ತೇನೆ, ಅಂತ. ಹೊಗಳಿ ಅಟ್ಟಕ್ಕೇರಿಸಿದ್ದ. ಮನೆಯವರನ್ನೆಲ್ಲ ಜರಡಿ ಹಿಡಿಯುವ ಬೀಗದಕ್ಕ ಆ ಗುರುತು ಪರಿಚಯವಿಲ್ಲದವನ ಹೆಸರನ್ನೂ ವಿಚಾರಿಸಲಿಲ್ಲ. "ಪುಟ್ಟಿ, ಸ್ವಲ್ಪ ಏಳು" ಅಂತ ಅವಳನ್ನು ಎಬ್ಬಿಸಿ, ಈ ಕುರ್ಚಿಯಲ್ಲೇ ಕೂತು, ಪ್ರತಿ ಸರಿಯಿದೆಯಾ ಅಂತ ಒಮ್ಮೆ ತೆರೆದು ನೋಡಿ, ಕಳಿಸಿಬಿಟ್ಟಿದ್ದಳು. ಆ ಮಹಾಶಯನ ಪತ್ತೆ ಆಮೇಲೆ ಇಲ್ಲ. ದೊಡ್ಡವರು, ಪುರಸೊತ್ತಿಲ್ಲ ಅಂದುಕೊಂಡಿದ್ದಳು.

ಅದರ ಜೊತೆಗೆ ಇನ್ನೊಂದು ನೆನಪೂ ಬಂತು. ಪ್ರತಿ ಕಳಿಸುವಾಗ ತಾನು ಬರೆದ ಒಂದು ಸಾಲು. "ಹೌದು, ಚಿತ್ರಗಳೆಲ್ಲ ನನ್ನ ಕೈಯ ಕೆಲಸವೇ." ಆಗ ಪುಟ್ಟಿ ಎರಡು ಲೋಟ ಚಹಾ ಹಿಡಿದುಕೊಂಡು ಬೆನ್ನ ಹಿಂದೆಯೇ ನಿಂತಿದ್ದಳು.

ಬೀಗದಕ್ಕ ಕೋಣೆಗೆ ಬೀಗ ಹಾಕುವುದನ್ನೂ ಮರೆತು ಬೀದಿಗಿಳಿದಳು. ಪುಟ್ಟಿ ಎರಡು ಬೀದಿ ಆಚೆ ಒಂದು ಬೋರ್ಡು ಬರೆಯುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ ಅಂತ ತಮ್ಮ ಹೇಳಿದ್ದ. ಅಲ್ಲಿ ದೊಡ್ಡ ಪ್ರಿಂಟರೊಂದು ಕಿರಗುಡುತ್ತಿತ್ತು, ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಪುಟ್ಟಿ ಸ್ಟಿಕರ್ ಹಾಳೆಯಿಂದ ಕತ್ತರಿಸಿದ ಅಕ್ಷರಗಳನ್ನು ಚಿಮಟದಲ್ಲಿ ಒಂದೊಂದಾಗಿ ಬಿಡಿಸುತ್ತಿದ್ದಳು. ಯಾವುದೋ ಟೈರಿನ ಅಂಗಡಿಯ ಬೋರ್ಡು.

"ಗಿರಾಕೀನಾ?" ಅಂತ ಒಳಗಿನಿಂದ ಮಾಲೀಕ ಕೇಳಿದ.

"ಅಲ್ಲ ಸಾರ್, ನಮ್ಮ ಮನೆಯವರು" ಅಂದಳು ಪುಟ್ಟಿ, ಕೈ ನಿಲ್ಲಿಸದೆ.

"ಪುಟ್ಟಿ, ಕಳಿಸಿದ್ದು ನಾನೇ. ಆ ವಿಮರ್ಶಕ ಅಂತ ಬರೆದಿದ್ದನಲ್ಲ, ಅವನಿಗೆ. ನಿನ್ನ ಕಂಪ್ಯೂಟರಿಂದ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ನೀವು ಗುಂಡಿ ತೋರಿಸಿದಾಗಲೇ ಗೊತ್ತಾಯ್ತು. ನಾನು ಯಾರಿಗೂ ಕೊಟ್ಟಿಲ್ಲ. ನನ್ನ ಕುರ್ಚೀಲಿ ಕೂತು ಕೊಟ್ಟೋರು ನೀವೊಬ್ಬರೇ."

"ಅಯ್ಯೋ, ಹೇಳಬಾರದಿತ್ತೇನೇ? ಅಲ್ಲೇ ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತಲ್ಲ!"

ಪುಟ್ಟಿ ಚಿಮಟ ಕೆಳಗಿಟ್ಟಳು. "ನೀನು ಮಾಡಿದೆಯಾ ಅಂತ ನೀವು ಕೇಳಲಿಲ್ಲ ಅಕ್ಕ. ಎಷ್ಟಕ್ಕೆ ಮಾರಿದೆ ಅಂದ್ರಿ. ಅದಕ್ಕೆ ಏನಂತ ಉತ್ತರ ಕೊಡಲಿ?"

"ತಪ್ಪಾಯ್ತು ಕಣೇ. ಕೆಲಸಕ್ಕೆ ವಾಪಸ್ ಬಾ. ಫೋನು, ಗುಟ್ಟು ಗುಟ್ಟು ಮಾತು ಎಲ್ಲ ನೋಡಿ ನನ್ನ ತಲೆ ಕೆಟ್ಟಿತ್ತು..."

"ಆ ಫೋನೆಲ್ಲ ಇವರದು. ಇಲ್ಲಿ ಕೆಲಸ ಇದೆಯಾ ಅಂತ ಕೇಳ್ತಿದ್ದೆ. ನೀವು ನನ್ನನ್ನ ಕಳ್ಳಿ ಅನ್ನೋಕೆ ಮುಂಚೇನೇ ಹುಡುಕ್ತಿದ್ದೆ. ಚಹಾ ಹಿಡ್ಕೊಂಡು ನಿಂತಿದ್ನಲ್ಲ, ಆವತ್ತಿಂದ." ಅವಳ ದನಿ ಏರಲಿಲ್ಲ. ಕಣ್ಣು ಮಾತ್ರ ತುಂಬಿತ್ತು. "ನಿಮ್ಮದನ್ನ ಯಾರೋ ಕದ್ದರೆ ನೀವು ವರ್ಷಗಟ್ಟಲೆ ಅಳ್ತೀರಿ. ನನ್ನದನ್ನ ನನ್ನ ಎದುರಿಗೇ ತಗೊಂಡ್ರಿ, ನಿಮಗೆ ಅದು ಗೊತ್ತೇ ಆಗಲಿಲ್ಲ."

ಪ್ರಿಂಟರು ಒಂದು ಉದ್ದ ಹಾಳೆಯನ್ನು ಉಗುಳಿ ನಿಂತಿತು. "ಆಟ ಇವತ್ತು ಬಿಡುಗಡೆ ಆಗುತ್ತೆ. ಮೊದಲ ಪರದೇಲೇ ನಿನ್ನ ಹೆಸರು ಹಾಕ್ತೀನಿ, ದೊಡ್ಡದಾಗಿ. ನನ್ನ ಹೆಸರಿಗಿಂತ ಮೇಲೆ" ಅಂದಳು ಬೀಗದಕ್ಕ.

"ಬೇಡ."

"ಬೇಡ ಅಂದರೆ?"

"ಚಿತ್ರ ಇರಲಿ, ನೀವು ಇಟ್ಟುಕೊಳ್ಳಿ. ಹೆಸರು ಬೇಡ. ನಿಮ್ಮ ಹೆಸರಿನ ಪಕ್ಕ ನನ್ನ ಹೆಸರು ನನಗೆ ಬೇಡ ಅಕ್ಕ." ಪುಟ್ಟಿ ಮತ್ತೆ ಚಿಮಟ ಎತ್ತಿಕೊಂಡಳು. "ರಾತ್ರಿ ಅಡುಗೆ ನಾನೇ ಮಾಡ್ತೀನಿ. ನೀವು ಹೊತ್ತಿಗೆ ಸರಿಯಾಗಿ ಮನೆಗೆ ಬನ್ನಿ."

ಆಟ ಬಿಡುಗಡೆಯಾಯಿತು. ರೇಸಣ್ಣ ಹೇಳಿದಂತೆ ಮೊದಲ ಮೂರು ಗಿರಾಕಿಗಳ ಕಥೆಯನ್ನು ಪುಕ್ಕಟೆ ಬಿಟ್ಟಳು. ಆಟದ ಪುಟದಲ್ಲಿ ಕದ್ದು ಆಡುವವರಿಗೂ ಎರಡು ಮಾತು ಬರೆದಳು: "ಕದ್ದು ಆಡಿದ್ದರೆ ಆಡಿದ್ದೀರಿ, ಬೈಯುವುದಿಲ್ಲ. ಇಷ್ಟವಾದರೆ, ಕೈಯಲ್ಲಿ ಆದರೆ, ಕೊಳ್ಳಿ. ಆಗದಿದ್ದರೆ ನಿಮ್ಮ ಸ್ನೇಹಿತರಿಗೆ ಹೇಳಿ." ಹಾಗೆ ಬರೆಯುವಾಗ ಅವಳಿಗೆ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾದೀತು. ಆದರೂ ಬರೆದಳು. ಜನ ಕೊಂಡರು. ದುಡ್ಡಿನಲ್ಲಿ ತೇಲುವಷ್ಟಲ್ಲ, ಮುಳುಗದೆ ಉಳಿಯುವಷ್ಟು. ಗುಂಡಿಯ ಗುರುತು ಹಾಕುವ ಭಾಗವನ್ನು ಆಟದಿಂದ ಕಿತ್ತು ಬಿಸಾಕಿದಳು. ಕೊಂಡವರಿಗೆ ತಿಂಗಳಿಗೊಂದು ಹೊಸ ಬಟ್ಟೆ ಅನ್ನುವುದು ಮಾತ್ರ ಆಗಲಿಲ್ಲ, ಬರೆಯುವವರಿರಲಿಲ್ಲ. ಬೇರೆ ಇಬ್ಬರು ಚಿತ್ರದವರನ್ನು ಕರೆಸಿ ನೋಡಿದಳು. ಅವರು ಬರೆದ ಹರಕು ಹರಕಾಗಿಯೇ ಕಾಣುತ್ತಿತ್ತು, ಅದರ ಹಿಂದೆ ಮನುಷ್ಯ ಇರಲಿಲ್ಲ.

ಪ್ರತಿ ದಿನ ಮೆಚ್ಚುಗೆ ಬರುತ್ತಿತ್ತು. ಎಲ್ಲವೂ ಚಿತ್ರಕ್ಕೇ. ಒಬ್ಬ ಹೀಗೆ ಬರೆದಿದ್ದ: "ಕದ್ದು ಆಡಿದ್ದೆ, ಕ್ಷಮಿಸಿ. ಇವತ್ತು ಕೊಂಡೆ. ಆ ಕೋಟಿನ ಮೊಣಕೈ ನೋಡಿ ನಮ್ಮಪ್ಪ ನೆನಪಾದರು. ಅದನ್ನು ಬರೆದವರು ಯಾರು? ಎಲ್ಲೂ ಅವರ ಹೆಸರಿಲ್ಲವಲ್ಲ? ಹೆಸರು ಹೇಳಿ, ಒಂದು ಮಾತು ಹೇಳಬೇಕು."

ಬೀಗದಕ್ಕ ಅದನ್ನು ಮನೆಗೆ ತಂದು, ಪಾತ್ರೆ ತೊಳೆಯುತ್ತಿದ್ದ ಪುಟ್ಟಿಯ ಪಕ್ಕ ನಿಂತು ಗಟ್ಟಿಯಾಗಿ ಓದಿದಳು. ಪುಟ್ಟಿ ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. ಅಪ್ಪ ನೆನಪಾದರು ಅನ್ನುವಲ್ಲಿ ಅವಳ ಕೈ ನೀರಿನಲ್ಲೇ ಸುಮ್ಮನಾಯಿತು.

"ಏನಂತ ಬರೀಲಿ, ಪುಟ್ಟಿ? ನೀನು ಹೂಂ ಅಂದರೆ ಸಾಕು."

"ಚೆನ್ನಾಗಿ ಬರೆದಿದ್ದಾರೆ" ಅಂದಳು ಪುಟ್ಟಿ. ಆಮೇಲೆ ಮತ್ತೆ ನಲ್ಲಿ ತಿರುಗಿಸಿದಳು. "ನಿಮಗೆ ಏನು ನಿಜ ಅನ್ನಿಸುತ್ತೋ ಅದನ್ನ ಬರೀರಿ. ಹೆಸರು ಬೇಡ."

ಬೀಗದಕ್ಕ ಅಲ್ಲೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಎಲ್ಲರಿಗೂ ಕಾಣುವ ಜಾಗದಲ್ಲೇ ಉತ್ತರ ಬರೆದಳು. "ಬರೆದದ್ದು ನಾನಲ್ಲ. ನನ್ನ ತಮ್ಮನ ಹೆಂಡತಿ. ಅವಳ ಕೆಲಸವನ್ನು ಒಮ್ಮೆ ನನ್ನದು ಅಂದೆ, ಆಮೇಲೆ ಅವಳನ್ನೇ ಕಳ್ಳಿ ಅಂದೆ. ಅದಕ್ಕೇ ಅವಳ ಹೆಸರು ಇಲ್ಲಿಲ್ಲ." ಕಳಿಸಿದಳು. ಅಳಿಸಬೇಕು ಅಂತ ಒಂದೆರಡು ಸಲ ಅನ್ನಿಸಿತು, ಅಳಿಸಲಿಲ್ಲ. ಒಳಗೆ ಪಾತ್ರೆಗಳ ಸದ್ದು ನಡೆದೇ ಇತ್ತು.